ಒಂದು ತುಂಬಿದರೂ ಇನ್ನೊಂದು ಉಳಿಯಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿವೆ. ಅವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿಕೊಂಡು ಇನ್ನು ಕೆಲವು ವರ್ಷ ದುಡಿಸಿಕೊಳ್ಳೋಣ ಎಂದು ಹೊರಟವರು ಒಂದು ಪರದೆಯ ಮುಂದೆ ಬಂದು ನಿಂತುಬಿಡುತ್ತಾರೆ. ಭಾಷೆ ಆರಿಸಿದ್ದಾಯಿತು, ಕೀಬೋರ್ಡ್ ಆರಿಸಿದ್ದಾಯಿತು, ಪಾಸ್‌ವರ್ಡ್ ಕೊಟ್ಟದ್ದಾಯಿತು. ಈಗ ಡಿಸ್ಕನ್ನು ಹೇಗೆ ಭಾಗ ಮಾಡಲಿ ಎಂದು ಕಂಪ್ಯೂಟರ್ ಕೇಳುತ್ತಿದೆ.

ಡೆಬಿಯನ್ ಲಿನಕ್ಸ್‌ನ ಇನ್‌ಸ್ಟಾಲರ್ ಇಲ್ಲಿ ಬಹುಕಾಲದಿಂದ ಮುಖ್ಯವಾಗಿ ಮೂರು ದಾರಿ ತೋರಿಸುತ್ತ ಬಂದಿದೆ. ಎಲ್ಲವೂ ಒಂದೇ ಪಾರ್ಟಿಷನ್‌ನಲ್ಲಿ ಇರುವುದು ಮೊದಲನೆಯದು. /ಹೋಮ್ ಮಾತ್ರ ಬೇರೆ ಇರುವುದು ಎರಡನೆಯದು. /ಹೋಮ್, /ವಾರ್, /ಟೆಂಪ್ ಮೂರೂ ಬೇರೆ ಬೇರೆ ಇರುವುದು ಮೂರನೆಯದು. ಹೊಸಬರಿಗೆ ಮೊದಲನೆಯದೇ ಸಾಕು ಎಂದು ಇನ್‌ಸ್ಟಾಲರ್ ತಾನೇ ಹೇಳುತ್ತದೆ, ಬಹುತೇಕರು ಅದನ್ನೇ ಒತ್ತಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ತಪ್ಪಿಲ್ಲ. ಆದರೆ ಈ ಪರದೆಯಲ್ಲಿ ತೆಗೆದುಕೊಂಡ ತೀರ್ಮಾನವನ್ನು ಮುಂದೆ ಬದಲಿಸುವುದು ಎಲ್ಲಕ್ಕಿಂತ ಕಷ್ಟ. ತಂತ್ರಾಂಶಗಳನ್ನು ಯಾವಾಗ ಬೇಕಾದರೂ ಹಾಕಬಹುದು, ತೆಗೆಯಬಹುದು. ಪಾರ್ಟಿಷನ್‌ಗಳ ಗಡಿಯನ್ನು, ಅದರೊಳಗೆ ಮಾಹಿತಿ ತುಂಬಿದ ಮೇಲೆ ಸರಿಸುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ. ನಡುವೆ ಕರೆಂಟು ಹೋದರೆ ಮಾಹಿತಿಯೇ ಹೋಗಬಹುದು.

ಹಾಗಾಗಿ ಇಲ್ಲಿ ಹತ್ತು ನಿಮಿಷ ಯೋಚಿಸುವುದು ಒಳ್ಳೆಯದು. ಯೋಚನೆ ಮಾತ್ರ ಸರಿಯಾದ ಪ್ರಶ್ನೆಯಿಂದ ಶುರುವಾಗಬೇಕು. ಯಾವುದಕ್ಕೆ ಎಷ್ಟು ಜಿಬಿ ಕೊಡಲಿ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇದು: ಯಾವುದು ತುಂಬಿಹೋದರೆ, ಯಾವುದು ಕೆಟ್ಟರೆ, ಯಾವುದು ಸುರಕ್ಷಿತವಾಗಿ ಉಳಿಯಬೇಕು? ಇದಕ್ಕೆ ಉತ್ತರ ಸಿಕ್ಕಿದರೆ ಜಿಬಿಗಳ ಲೆಕ್ಕ ತಾನಾಗಿ ಸಿಗುತ್ತದೆ.

ಒಂದೇ ಮರ, ಹಲವು ಡಿಸ್ಕು

ವಿಂಡೋಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದು ಪ್ರತಿ ಭಾಗಕ್ಕೂ ಬೇರೆ ಗುರುತು. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಯಂಥ ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಇರುವುದು ಒಂದೇ ಮರ. ಅದರ ಬುಡವೇ ರೂಟ್. ಬರೆಯುವಾಗ ಬರೀ ಒಂದು ಓರೆಗೆರೆ. ಅಲ್ಲಿಂದ ಕೊಂಬೆಗಳು: ತಂತ್ರಾಂಶಗಳಿಗೆ /ಯುಎಸ್‌ಆರ್, ಸೆಟ್ಟಿಂಗ್‌ಗಳಿಗೆ /ಇಟಿಸಿ, ದಿನದಿನವೂ ಬದಲಾಗುವ ಲಾಗ್ ಮತ್ತು ಡೇಟಾಬೇಸ್‌ಗಳಿಗೆ /ವಾರ್, ತಾತ್ಕಾಲಿಕ ಕಡತಗಳಿಗೆ /ಟೆಂಪ್, ನಿಮ್ಮ ಫೋಟೊ, ಪತ್ರ, ಲೆಕ್ಕಪತ್ರಗಳಿಗೆ /ಹೋಮ್. ಯಾವ ಕೊಂಬೆ ಯಾವ ಪಾರ್ಟಿಷನ್‌ನಲ್ಲಿದೆ ಎಂಬುದು ಬಳಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಪಾರ್ಟಿಷನ್ ಒಂದನ್ನು ಮರದ ಯಾವುದೋ ಕೊಂಬೆಗೆ ಜೋಡಿಸುವುದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ.

ಈ ಏರ್ಪಾಡು ಹುಟ್ಟಿದ್ದು ಡಿಸ್ಕುಗಳು ತೀರ ಚಿಕ್ಕವಿದ್ದ ಕಾಲದಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟಿದ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಮ್ಮ ಪಿಡಿಪಿ-11/45 ಯಂತ್ರದ ವಿವರ ಕೊಟ್ಟಿದ್ದಾರೆ. ಅದರಲ್ಲಿ 1 ಎಂಬಿಯ ಒಂದು ಡಿಸ್ಕು, ತೆಗೆದು ಹಾಕಬಹುದಾದ 2.5 ಎಂಬಿಯ ನಾಲ್ಕು ಡಿಸ್ಕು, 40 ಎಂಬಿಯ ಒಂದು ದೊಡ್ಡ ಡಿಸ್ಕು ಇದ್ದವು. ರೂಟ್ ಇದ್ದದ್ದು 1 ಎಂಬಿಯ ಡಿಸ್ಕಿನಲ್ಲಿ. ಬಳಕೆದಾರರ ಕಡತಗಳಿದ್ದ ದೊಡ್ಡ ಡಿಸ್ಕು ಯಂತ್ರ ಶುರುವಾದ ಮೇಲೆ ಮರಕ್ಕೆ ಜೋಡಣೆಯಾಗುತ್ತಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಫೋಟೊ ಆ ರೂಟ್ ಡಿಸ್ಕಿನಲ್ಲಿ ಹಿಡಿಸದಿರಬಹುದು. ಆದರೂ ವ್ಯವಸ್ಥೆ ಒಂದು ಕಡೆ, ಜನರ ಕೆಲಸ ಇನ್ನೊಂದು ಕಡೆ ಎಂಬ ಅಂದಿನ ವಿಂಗಡಣೆ ಐವತ್ತು ವರ್ಷ ಕಳೆದರೂ ಉಳಿದಿದೆ. ಅಂದು ಜಾಗದ ಕೊರತೆಯಿಂದ ಮಾಡಿದ್ದಕ್ಕೆ ಇಂದು ಬೇರೆ ಕಾರಣಗಳಿವೆ.

ಡಿಸ್ಕಿನ ಗಡಿಗಳನ್ನು ಬರೆದಿಡುವ ಪಟ್ಟಿಯ ಬಗ್ಗೆಯೂ ಒಂದು ಮಾತು. ಹಳೆಯ ಎಂಬಿಆರ್ ಪದ್ಧತಿ 1983ರಲ್ಲಿ ಪಿಸಿ ಡಾಸ್ 2.0 ಜತೆ ಬಂದದ್ದು. ಅದರಲ್ಲಿ ನಾಲ್ಕೇ ಮುಖ್ಯ ಪಾರ್ಟಿಷನ್‌ಗೆ ಅವಕಾಶ, ಸಾಮಾನ್ಯ ಡಿಸ್ಕುಗಳಲ್ಲಿ ಸುಮಾರು 2 ಟಿಬಿಯಿಂದಾಚೆಗೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಹೊಸ ಜಿಪಿಟಿ ಪದ್ಧತಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗೆ ಜಾಗ ಕೊಡುತ್ತದೆ, ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಡುತ್ತದೆ. ಬೂಟ್ ಮಾಡಲು ಯುಇಎಫ್‌ಐ ಎಂಬ ಹೊಸ ವ್ಯವಸ್ಥೆ ಇರುವ ಯಂತ್ರವಾದರೆ ಜಿಪಿಟಿಯನ್ನೇ ಆರಿಸಿ.

ತುಂಬುವ ಭಯ

ಬೇರ್ಪಡಿಸಲು ಮೊದಲ ಕಾರಣ ತುಂಬಿಕೊಳ್ಳುವ ಅಪಾಯ. ಗದ್ದೆಯ ತಾಕುಗಳ ನಡುವೆ ಬದು ಹಾಕುವುದು ಒಂದರಲ್ಲಿ ನೀರು ಉಕ್ಕಿದರೂ ಪಕ್ಕದ ಪೈರು ಕೊಚ್ಚಿಹೋಗದಿರಲಿ ಎಂದು. ಪಾರ್ಟಿಷನ್ ಕೂಡ ಡಿಸ್ಕಿನಲ್ಲಿ ಹಾಕಿದ ಬದುವೇ.

ಯಾವುದೋ ಒಂದು ತಂತ್ರಾಂಶಕ್ಕೆ ಏನೋ ತೊಂದರೆಯಾಗಿ ಅದು ಸೆಕೆಂಡಿಗೆ ನೂರಾರು ಸಲ ಒಂದೇ ದೂರನ್ನು ಲಾಗ್ ಕಡತಕ್ಕೆ ಬರೆಯುತ್ತ ಹೋಗುತ್ತದೆ ಎಂದುಕೊಳ್ಳಿ. ಎಲ್ಲವೂ ಒಂದೇ ಪಾರ್ಟಿಷನ್‌ನಲ್ಲಿದ್ದರೆ ಬೆಳಗಾಗುವುದರೊಳಗೆ ಡಿಸ್ಕು ಭರ್ತಿ. ಆಮೇಲೆ ಡೇಟಾಬೇಸ್ ಹೊಸ ಸಾಲು ಬರೆಯಲಾರದು. ಅಪ್‌ಡೇಟ್ ಅರ್ಧಕ್ಕೆ ನಿಂತು ಪ್ಯಾಕೇಜ್‌ಗಳು ಅತಂತ್ರವಾಗುತ್ತವೆ. ಡೆಸ್ಕ್‌ಟಾಪ್ ಯಂತ್ರವಾದರೆ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಒಳಗೆ ಬಿಡದೆ ಮತ್ತೆ ಲಾಗಿನ್ ಪರದೆಗೇ ತಂದು ನಿಲ್ಲಿಸಬಹುದು, ಏಕೆಂದರೆ ಒಳಗೆ ಬರುವಾಗ ಬರೆಯಬೇಕಾದ ಪುಟ್ಟ ಕಡತಕ್ಕೂ ಜಾಗವಿಲ್ಲ. ಇಷ್ಟೆಲ್ಲ ಅನಾಹುತ ಒಂದು ಲಾಗ್ ಕಡತದಿಂದ. /ವಾರ್ ಬೇರೆ ಇದ್ದಿದ್ದರೆ ಅದೊಂದೇ ತುಂಬುತ್ತಿತ್ತು. ಉಳಿದ ಯಂತ್ರ ನಿಮ್ಮ ಕೈಯಲ್ಲಿರುತ್ತಿತ್ತು, ಒಳಗೆ ಹೋಗಿ ಸರಿಪಡಿಸಬಹುದಿತ್ತು.

ಇದಕ್ಕೆ ವ್ಯವಸ್ಥೆಗಳು ತಾವೂ ಒಂದಿಷ್ಟು ಮುನ್ನೆಚ್ಚರಿಕೆ ವಹಿಸುತ್ತವೆ. ಪಾರ್ಟಿಷನ್‌ನೊಳಗೆ ಕಡತಗಳನ್ನು ಜೋಡಿಸಿಡುವ ವಿಧಾನಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂ ರೂಢಿಯಂತೆ ಶೇ 5ರಷ್ಟು ಜಾಗವನ್ನು ರೂಟ್ ಎಂದೇ ಹೆಸರಿರುವ ಆಡಳಿತಗಾರ ಬಳಕೆದಾರನಿಗೆಂದು ಕಾದಿರಿಸುತ್ತದೆ. ವ್ಯವಸ್ಥೆಯ ಲಾಗ್‌ಗಳನ್ನು ಕೂಡಿಡುವ ಸಿಸ್ಟಂಡಿಯ ಜರ್ನಲ್ ತಾನಿರುವ ಫೈಲ್ ಸಿಸ್ಟಂನ ಶೇ 10ರಷ್ಟು, ಅದೂ ಹೆಚ್ಚೆಂದರೆ 4 ಜಿಬಿ ದಾಟದಂತೆ ತನ್ನನ್ನು ತಡೆದುಕೊಳ್ಳುತ್ತದೆ. ಆದರೆ ರೂಟ್ ಅಧಿಕಾರದಲ್ಲೇ ಓಡುವ ತಂತ್ರಾಂಶವನ್ನು ಆ ಶೇ 5 ತಡೆಯದು, ತನ್ನದೇ ಲಾಗ್ ಬರೆದುಕೊಳ್ಳುವ ತಂತ್ರಾಂಶವನ್ನು ಜರ್ನಲ್‌ನ ಮಿತಿ ಮುಟ್ಟದು.

ಇನ್ನೊಂದು ಬಗೆಯ ತುಂಬುವಿಕೆ ಎಷ್ಟೋ ಅನುಭವಿಗಳನ್ನೂ ದಾರಿ ತಪ್ಪಿಸುತ್ತದೆ. ಇಎಕ್ಸ್‌ಟಿ4ರಲ್ಲಿ ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ದಾಖಲೆ ಬೇಕು. ಪಾರ್ಟಿಷನ್ ಸಿದ್ಧಪಡಿಸುವಾಗಲೇ ಅವುಗಳ ಸಂಖ್ಯೆ ನಿಗದಿಯಾಗುತ್ತದೆ, ಸಾಮಾನ್ಯವಾಗಿ 16 ಕೆಬಿ ಜಾಗಕ್ಕೆ ಒಂದರಂತೆ. ಲಕ್ಷಾಂತರ ಪುಟ್ಟ ಕಡತಗಳು ಸೇರಿಕೊಂಡರೆ ಐನೋಡ್‌ಗಳು ಮುಗಿದು, ಜಿಬಿಗಟ್ಟಲೆ ಜಾಗ ಖಾಲಿಯಿದ್ದರೂ ಜಾಗವಿಲ್ಲ ಎಂಬ ಉತ್ತರ ಬರುತ್ತದೆ. ಡಿಎಫ್ ಎಂಬ ಕಮಾಂಡ್ ಜಾಗದ ಲೆಕ್ಕ ಕೊಡುತ್ತದೆ. ಅದಕ್ಕೆ ಹೈಫನ್ ಮತ್ತು ಐ ಅಕ್ಷರ ಸೇರಿಸಿದರೆ ಐನೋಡ್‌ಗಳ ಲೆಕ್ಕ ಸಿಗುತ್ತದೆ. ಎರಡನ್ನೂ ನೋಡುವ ಅಭ್ಯಾಸವಿರಲಿ.

ಮರುಸ್ಥಾಪನೆ, ಕರೆಂಟು, ಕಾವಲು

ಎರಡನೆಯ ಕಾರಣ ಮನೆಯ ಲ್ಯಾಪ್‌ಟಾಪಿಗೆ ಹೆಚ್ಚು ಸಲ್ಲುವಂಥದ್ದು. /ಹೋಮ್ ಬೇರೆ ಪಾರ್ಟಿಷನ್‌ನಲ್ಲಿದ್ದರೆ, ನಾಳೆ ಡೆಬಿಯನ್ ಬಿಟ್ಟು ಫೆಡೋರಾ ಹಾಕಬೇಕೆನಿಸಿದರೂ ರೂಟನ್ನು ಮಾತ್ರ ಅಳಿಸಿ ಹೊಸದಾಗಿ ಬರೆಯಬಹುದು. ಫೋಟೊಗಳು, ಕಡತಗಳು, ಬ್ರೌಸರಿನ ಬುಕ್‌ಮಾರ್ಕ್‌ಗಳು ಇದ್ದಲ್ಲೇ ಇರುತ್ತವೆ. /ಹೋಮ್ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡು ಎಂಬ ಗುರುತು ತೆಗೆದಿದೆಯೇ ಎಂದು ಮಾತ್ರ ಆಗ ಎರಡೆರಡು ಸಲ ನೋಡಿಕೊಳ್ಳಬೇಕು.

ಮೂರನೆಯದು ಹಠಾತ್ತನೆ ಕರೆಂಟು ಹೋಗುವ ನಮ್ಮ ಊರುಗಳಿಗೆ ತಕ್ಕ ಕಾರಣ. ಯಾವ ಪಾರ್ಟಿಷನ್‌ಗೆ ಆ ಹೊತ್ತಿನಲ್ಲಿ ಏನೂ ಬರೆಯುತ್ತಿರಲಿಲ್ಲವೋ ಅದು ಕೆಡುವ ಸಂಭವ ಬಹಳ ಕಡಿಮೆ. ಇಎಕ್ಸ್‌ಟಿ4ರಲ್ಲಿ, ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಜರ್ನಲ್ (ಲಾಗ್‌ಗಳ ಜರ್ನಲ್ ಅಲ್ಲ) ಇರುವುದರಿಂದ ಈ ಭಯ ಈಗ ತಗ್ಗಿದೆ. ಓಪನ್‌ಬಿಎಸ್‌ಡಿಯ ಫೈಲ್ ಸಿಸ್ಟಂನಲ್ಲಿ ಜರ್ನಲ್ ಇಲ್ಲ. ಅಲ್ಲಿ ಕರೆಂಟು ಹೋಗಿ ಬಂದಾಗ ಪಾರ್ಟಿಷನ್‌ಗಳ ಪರೀಕ್ಷೆ ನಡೆಯುತ್ತದೆ, ರೂಟ್ ಚಿಕ್ಕದಿದ್ದಷ್ಟೂ ಅದರ ಪರೀಕ್ಷೆ ಬೇಗ ಮುಗಿಯುತ್ತದೆ.

ನಾಲ್ಕನೆಯದು ಭದ್ರತೆ. ಪ್ರತಿ ಪಾರ್ಟಿಷನ್ನನ್ನು ಮೌಂಟ್ ಮಾಡುವಾಗ ಅದಕ್ಕೆಂದೇ ನಿಯಮ ವಿಧಿಸಬಹುದು. ಇಲ್ಲಿರುವ ಯಾವ ಕಡತಕ್ಕೂ ಒಡೆಯನ ಅಧಿಕಾರದಲ್ಲಿ ಓಡುವ ಸವಲತ್ತು ಇರಕೂಡದು ಎನ್ನುವುದು ನೋಸುಯಿಡ್. ಇಲ್ಲಿ ಸಾಧನಗಳ ಕಡತಗಳು ಕೆಲಸ ಮಾಡಕೂಡದು ಎನ್ನುವುದು ನೋಡೆವ್. ಇಲ್ಲಿಂದ ಯಾವ ಪ್ರೋಗ್ರಾಮನ್ನೂ ನೇರವಾಗಿ ಓಡಿಸಕೂಡದು ಎನ್ನುವುದು ನೋಎಕ್ಸೆಕ್. /ಟೆಂಪ್ ಮತ್ತು /ಹೋಮ್‌ಗೆ ಮೊದಲೆರಡನ್ನು ಹಾಕುವುದರಿಂದ ಸಾಮಾನ್ಯ ಬಳಕೆಗೆ ಏನೂ ಅಡ್ಡಿಯಾಗದು. ನೋಎಕ್ಸೆಕ್ ಹಾಕುವ ಮುನ್ನ ಮಾತ್ರ ವಿಚಾರ ಮಾಡಿ. ಡೆಬಿಯನ್‌ನಲ್ಲಿ ಕೆಲವು ಪ್ಯಾಕೇಜ್‌ಗಳ ಸ್ಥಾಪನೆಗೆ /ಟೆಂಪ್‌ನಿಂದ ಸ್ಕ್ರಿಪ್ಟ್ ಓಡಬೇಕಾಗುತ್ತದೆ.

ಬಳಕೆದಾರರು ಬರೆಯಬಲ್ಲ ಜಾಗವನ್ನು ವ್ಯವಸ್ಥೆಯ ಜಾಗದಿಂದ ಬೇರ್ಪಡಿಸುವುದರಲ್ಲಿ ಇನ್ನೊಂದು ಲಾಭವಿದೆ. ಯುನಿಕ್ಸ್‌ನಲ್ಲಿ ಒಂದೇ ಕಡತಕ್ಕೆ ಹಲವು ಹೆಸರು ಕೊಡಬಹುದು, ಅದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಆದರೆ ಒಂದು ಫೈಲ್ ಸಿಸ್ಟಂನ ಕಡತಕ್ಕೆ ಇನ್ನೊಂದರಿಂದ ಹೆಸರು ಕೊಡಲು ಬರುವುದಿಲ್ಲ. ಈ ನಿಯಮ 1974ರ ಆ ಲೇಖನದಲ್ಲೇ ಇದೆ. ಹೀಗಾಗಿ ವಿಶೇಷ ಅಧಿಕಾರವುಳ್ಳ ಹಳೆಯ ಪ್ರೋಗ್ರಾಮಿಗೆ ಯಾರೋ ತಮ್ಮ ಫೋಲ್ಡರಿನಿಂದ ಇನ್ನೊಂದು ಹೆಸರು ಕೊಟ್ಟುಕೊಂಡು, ಅಪ್‌ಡೇಟ್ ಆದ ಮೇಲೂ ಅದರ ದೋಷವುಳ್ಳ ಪ್ರತಿಯನ್ನು ಉಳಿಸಿಕೊಳ್ಳುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ.

ಈ ಎಲ್ಲ ಕಾರಣಗಳನ್ನೂ ಒಟ್ಟಿಗೆ ಪಾಲಿಸುವ ವ್ಯವಸ್ಥೆ ನೋಡಬೇಕೆಂದರೆ ಓಪನ್‌ಬಿಎಸ್‌ಡಿ ನೋಡಬೇಕು. ಸಾಕಷ್ಟು ದೊಡ್ಡ ಡಿಸ್ಕು ಕೊಟ್ಟರೆ ಅದರ ಇನ್‌ಸ್ಟಾಲರ್ ರೂಟ್, ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಜಾಗ), /ಟೆಂಪ್, /ವಾರ್, /ಯುಎಸ್‌ಆರ್, /ಹೋಮ್ ಮಾತ್ರವಲ್ಲದೆ, /ಯುಎಸ್‌ಆರ್‌ನ ಒಳಗಿನ ಎಕ್ಸ್11ಆರ್6, ಲೋಕಲ್, ಎಸ್‌ಆರ್‌ಸಿ, ಒಬ್ಜ್ ಎಂಬ ನಾಲ್ಕು ಕವಲುಗಳಿಗೂ ಪ್ರತ್ಯೇಕ ಪಾರ್ಟಿಷನ್ ಸೂಚಿಸುತ್ತದೆ. 2016ರಲ್ಲಿ ಬಂದ 6.0 ಆವೃತ್ತಿಯಿಂದ ಈಚೆಗೆ ಮೆಮೊರಿಯ ಒಂದೇ ಜಾಗವನ್ನು ಬರೆಯಲೂ ಓಡಿಸಲೂ ಬಳಸುವ ಪ್ರೋಗ್ರಾಮುಗಳಿಗೆ ಅಲ್ಲಿ ನಿಷೇಧ. ಅಂಥವು ಬೇಕೇಬೇಕಾದರೆ ಅದಕ್ಕೆಂದು ವಿನಾಯಿತಿ ಪಡೆದ ಪಾರ್ಟಿಷನ್‌ನಲ್ಲೇ ಇರಬೇಕು, ಆ ವಿನಾಯಿತಿ ರೂಢಿಯಂತೆ ಸಿಗುವುದು /ಯುಎಸ್‌ಆರ್/ಲೋಕಲ್‌ಗೆ. ನಿಯಮವನ್ನು ಇಡೀ ಯಂತ್ರಕ್ಕೆ ಸಡಿಲಿಸದೆ ಒಂದು ಪಾರ್ಟಿಷನ್‌ಗೆ ಮಾತ್ರ ಸಡಿಲಿಸಿದ್ದಾರೆ. ಇನ್ನೊಂದು ಗಮನಿಸಬೇಕಾದ ಸಂಗತಿ: ರೂಟ್‌ಗೆ ಅದು ಕೊಡುವುದು ಹೆಚ್ಚೆಂದರೆ 1 ಜಿಬಿ, /ಹೋಮ್‌ಗೆ 300 ಜಿಬಿ. ಡಿಸ್ಕು ದೊಡ್ಡದಿದ್ದರೆ ಉಳಿದದ್ದನ್ನು ಯಾರಿಗೂ ಹಂಚದೆ ಹಾಗೇ ಬಿಡುತ್ತದೆ.

ಬೇರ್ಪಡಿಸಿದ್ದರ ಬೆಲೆ

ಇಷ್ಟೆಲ್ಲ ಲಾಭವಿದ್ದರೆ ಎಲ್ಲರೂ ಹತ್ತು ಪಾರ್ಟಿಷನ್ ಮಾಡಿಕೊಳ್ಳಬಹುದಲ್ಲ? ಆಗದು. ಒಂದು ಪಾರ್ಟಿಷನ್‌ನಲ್ಲಿ ಖಾಲಿ ಬಿದ್ದಿರುವ ಜಾಗ ಪಕ್ಕದ್ದಕ್ಕೆ ದಕ್ಕುವುದಿಲ್ಲ. /ಹೋಮ್‌ನಲ್ಲಿ 80 ಜಿಬಿ ಖಾಲಿಯಿದ್ದರೂ ರೂಟ್ ತುಂಬಿ ಅಪ್‌ಡೇಟ್ ನಿಂತುಹೋಗುವ ಸ್ಥಿತಿ ಬರುತ್ತದೆ. ಹಳೆಯ ಪುಸ್ತಕಗಳ ಅಳತೆಗಳನ್ನು ನಂಬಿದವರಿಗೆ ಈಗ ಇದು ಮತ್ತೆ ಮತ್ತೆ ಎದುರಾಗುತ್ತದೆ, ಏಕೆಂದರೆ /ವಾರ್‌ನ ಸ್ವರೂಪವೇ ಬದಲಾಗಿದೆ. ಫ್ಲಾಟ್‌ಪ್ಯಾಕ್ ಮೂಲಕ ಇಡೀ ಯಂತ್ರಕ್ಕೆಂದು ಹಾಕಿದ ತಂತ್ರಾಂಶಗಳು, ಸ್ನ್ಯಾಪ್ ಪ್ಯಾಕೇಜ್‌ಗಳು, ಡಾಕರ್‌ನ ಇಮೇಜ್‌ಗಳು, ಮೈಎಸ್‌ಕ್ಯೂಎಲ್ ಡೇಟಾಬೇಸ್ ಎಲ್ಲವೂ ಬಂದು ಕೂರುವುದು /ವಾರ್‌ನ ಒಳಗಿನ ಲಿಬ್ ಫೋಲ್ಡರಿನಲ್ಲಿ. ಲಾಗ್‌ಗಳಿಗಷ್ಟೇ ಎಂದು 5 ಜಿಬಿ ಕೊಟ್ಟರೆ ಕೆಲವೇ ದಿನಗಳಲ್ಲಿ ಉಸಿರುಗಟ್ಟುತ್ತದೆ.

ಕುಗ್ಗಿಸುವ ಕಷ್ಟವೂ ಇದೆ. ಇಎಕ್ಸ್‌ಟಿ4 ಪಾರ್ಟಿಷನ್ನನ್ನು ಮರದಿಂದ ಬಿಡಿಸಿದ ಮೇಲಷ್ಟೇ ಕುಗ್ಗಿಸಬಹುದು. ರೆಡ್ ಹ್ಯಾಟ್‌ನ ಸರ್ವರ್ ಲಿನಕ್ಸ್ 2014ರ 7ನೇ ಆವೃತ್ತಿಯಿಂದ ರೂಢಿಯಾಗಿ ಬಳಸುತ್ತಿರುವ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಹಿಗ್ಗುವುದನ್ನು ಮಾತ್ರ ಬಲ್ಲದು, ಅದನ್ನು ಕುಗ್ಗಿಸುತ್ತೇನೆಂದು ಯಾರೂ ಲೆಕ್ಕ ಹಾಕಬಾರದು. ಇದರಿಂದ ಸಿಗುವ ಪಾಠ ನೇರವಾದದ್ದು: ಮೊದಲು ಕಡಿಮೆ ಕೊಡಿ, ಬೇಕಾದಾಗ ಹಿಗ್ಗಿಸಿ. ಓಪನ್‌ಬಿಎಸ್‌ಡಿ ಜಾಗ ಬಿಡುವುದರಲ್ಲಿ ಇರುವ ವಿವೇಕವೂ ಇದೇ.

ಹಿಗ್ಗಿಸುವುದನ್ನು ಸುಲಭ ಮಾಡಿದ್ದು ಎಲ್‌ವಿಎಂ. ಜರ್ಮನಿಯ ಹೈನ್ಸ್ ಮೌಎಲ್ಸ್‌ಹಾಗೆನ್ 1998ರಲ್ಲಿ ಲಿನಕ್ಸ್‌ಗೆಂದು ಬರೆದ ಈ ವ್ಯವಸ್ಥೆಯಲ್ಲಿ ಡಿಸ್ಕಿನ ಜಾಗವೆಲ್ಲ ಒಂದು ಗಂಟಿಗೆ ಸೇರುತ್ತದೆ, ಅದರಿಂದ ಬೇಕಾದಷ್ಟನ್ನು ತೆಗೆದು ರೂಟ್, /ವಾರ್, /ಹೋಮ್ ಕಟ್ಟಿಕೊಳ್ಳಬಹುದು. ಅವು ಡಿಸ್ಕಿನಲ್ಲಿ ಅಕ್ಕಪಕ್ಕ ಇರಬೇಕೆಂದಿಲ್ಲ. ಯಂತ್ರ ಓಡುತ್ತಿರುವಾಗಲೇ ಉಳಿಕೆಯಿಂದ 10 ಜಿಬಿ ತೆಗೆದು /ವಾರ್‌ಗೆ ಸೇರಿಸಬಹುದು.

ಜೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ 2005ರಲ್ಲಿ ಓಪನ್‌ಸೋಲಾರಿಸ್ ಮೂಲಕ ಹೊರಬಂದ ಜೆಡ್‌ಎಫ್‌ಎಸ್‌ನಲ್ಲಿ ಎಲ್ಲರಿಗೂ ಒಂದೇ ಹುಂಡಿ. ಅದರೊಳಗೆ ಪ್ರತಿ ಭಾಗಕ್ಕೂ ಇಷ್ಟಕ್ಕಿಂತ ಹೆಚ್ಚು ಬಳಸಕೂಡದೆಂಬ ಮಿತಿ, ಇಷ್ಟು ಜಾಗ ಇದಕ್ಕೇ ಮೀಸಲೆಂಬ ಭರವಸೆ ಎರಡನ್ನೂ ಒಂದೊಂದು ಕಮಾಂಡಿನಲ್ಲಿ ಬರೆಯಬಹುದು, ನಾಳೆ ಬದಲಿಸಲೂಬಹುದು. ಫೆಡೋರಾ ಡೆಸ್ಕ್‌ಟಾಪ್ 2020ರ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಬಳಸುತ್ತಿದೆ. ಅಲ್ಲಿ ರೂಟ್ ಮತ್ತು /ಹೋಮ್ ಒಂದೇ ಪಾರ್ಟಿಷನ್‌ನ ಎರಡು ಸಬ್‌ವಾಲ್ಯೂಮ್‌ಗಳು. ಇಲ್ಲೊಂದು ಸೂಕ್ಷ್ಮವಿದೆ. /ಹೋಮ್ ಉಳಿಸಿಕೊಂಡು ಮರುಸ್ಥಾಪಿಸುವ ಅನುಕೂಲ ಸಬ್‌ವಾಲ್ಯೂಮ್‌ನಿಂದ ಸಿಗುತ್ತದೆ. ಆದರೆ ಮಿತಿ ವಿಧಿಸದಿದ್ದರೆ ಒಂದು ತುಂಬಿದಾಗ ಇನ್ನೊಂದೂ ತುಂಬಿದಂತೆಯೇ, ಮತ್ತು ಆ ಫೈಲ್ ಸಿಸ್ಟಂ ಕೆಟ್ಟರೆ ಎರಡೂ ಕೆಡುತ್ತವೆ. ಹೆಸರು ಬೇರೆಯಾದ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆಂದು ಭಾವಿಸಬಾರದು.

ಹಾಗಾದರೆ ಏನು ಮಾಡಲಿ?

256 ಜಿಬಿಯ ಎಸ್‌ಎಸ್‌ಡಿ ಇರುವ ಮನೆಯ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳೋಣ. ಲಿನಕ್ಸ್‌ನ ಲೆಕ್ಕದಲ್ಲಿ ಅದು ಸುಮಾರು 238 ಜಿಬಿ ಎಂದು ಕಾಣುತ್ತದೆ. ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಷನ್‌ಗೆ 1 ಜಿಬಿ, ರೂಟ್‌ಗೆ 60 ಜಿಬಿ, /ಹೋಮ್‌ಗೆ 140 ಜಿಬಿ ಕೊಟ್ಟು, ಉಳಿದದ್ದನ್ನು ಹಾಗೇ ಬಿಡಿ ಎಂಬುದು ನನ್ನ ಸಲಹೆ. ರೂಟ್‌ಗೆ 60 ಯಾಕೆಂದರೆ ಫ್ಲಾಟ್‌ಪ್ಯಾಕ್, ಸ್ನ್ಯಾಪ್‌ಗಳೆಲ್ಲ ಅಲ್ಲೇ ಕೂರುತ್ತವೆ. ಡಿಸ್ಕು 128 ಜಿಬಿ ಅಥವಾ ಅದಕ್ಕಿಂತ ಚಿಕ್ಕದಾದರೆ ಒಂದೇ ಪಾರ್ಟಿಷನ್ ಇರಲಿ. ಅಷ್ಟು ಕಡಿಮೆ ಜಾಗದಲ್ಲಿ ಗಡಿ ಹಾಕಿದರೆ ಲಾಭಕ್ಕಿಂತ ಇಕ್ಕಟ್ಟೇ ಹೆಚ್ಚು.

ಸ್ವಾಪ್‌ಗೆ ಮೆಮೊರಿಯ ಎರಡರಷ್ಟು ಕೊಡಬೇಕೆಂಬ ಹಳೆಯ ಸೂತ್ರವನ್ನು ಇಂದು ಕಣ್ಣುಮುಚ್ಚಿ ಪಾಲಿಸಬೇಕಿಲ್ಲ. ಉಬುಂಟು 17.04ರಿಂದ ಈಚೆಗೆ ಪ್ರತ್ಯೇಕ ಪಾರ್ಟಿಷನ್ ಬದಲು ಸ್ವಾಪ್ ಕಡತವನ್ನು ಬಳಸುತ್ತಿದೆ, ಅದರ ಗಾತ್ರವನ್ನು ಆಮೇಲೆ ಬದಲಿಸುವುದು ಸುಲಭ. ಲ್ಯಾಪ್‌ಟಾಪನ್ನು ಹೈಬರ್ನೇಟ್ ಮಾಡುವ ಅಭ್ಯಾಸವಿದ್ದರೆ ಮಾತ್ರ ಮೆಮೊರಿಯಷ್ಟೇ ಗಾತ್ರದ ಸ್ವಾಪ್ ಪಾರ್ಟಿಷನ್ ಇಟ್ಟುಕೊಳ್ಳಿ, ಏಕೆಂದರೆ ಮೆಮೊರಿಯಲ್ಲಿದ್ದದ್ದನ್ನೆಲ್ಲ ಅಲ್ಲಿಗೇ ಬರೆಯಬೇಕಾಗುತ್ತದೆ.

ಸಣ್ಣ ಕಚೇರಿಯ ಅಥವಾ ಶಾಲೆಯ ಸರ್ವರ್ ಆದರೆ ಮಾತು ಬೇರೆ. ಅಲ್ಲಿ ಎಲ್‌ವಿಎಂ ಇರಲಿ. ರೂಟ್ ಬೇರೆ, /ವಾರ್ ಬೇರೆ, ಲಾಗ್‌ಗಳು /ವಾರ್‌ಗಿಂತಲೂ ಬೇರೆ, ಡೇಟಾಬೇಸ್ ಇದ್ದರೆ ಅದೂ ಬೇರೆ ಇರಲಿ. ಎಲ್ಲಕ್ಕೂ ಇಂದಿಗೆ ಬೇಕಾದಷ್ಟೇ ಕೊಟ್ಟು ಡಿಸ್ಕಿನ ಮೂರನೇ ಒಂದು ಭಾಗವನ್ನಾದರೂ ಹಂಚದೆ ಉಳಿಸಿ. ಹಲವರು ಬಳಸುವ ಯಂತ್ರದಲ್ಲಿ ಒಬ್ಬರ ಕೈತಪ್ಪಿನಿಂದ ಎಲ್ಲರ ಕೆಲಸ ನಿಲ್ಲಬಾರದು.

ವಿಂಡೋಸ್ ಉಳಿಸಿಕೊಂಡು ಜತೆಗೆ ಲಿನಕ್ಸ್ ಹಾಕುವವರು ವಿಂಡೋಸ್ ಪಾರ್ಟಿಷನ್ನನ್ನು ವಿಂಡೋಸ್‌ನೊಳಗಿನಿಂದಲೇ ಕುಗ್ಗಿಸಬೇಕು. ಅಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು. ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನ್ನನ್ನು ಅಳಿಸಲೇಬಾರದು. ಹೊರಗೆ ಒಯ್ಯುವ ಲ್ಯಾಪ್‌ಟಾಪಾದರೆ ಇನ್‌ಸ್ಟಾಲರ್ ಕೊಡುವ ಎನ್‌ಕ್ರಿಪ್ಷನ್ ಆಯ್ಕೆಯನ್ನು ಆಗಲೇ ಆರಿಸಿಕೊಳ್ಳಿ. ಆಮೇಲೆ ಸೇರಿಸುವುದು ತ್ರಾಸದ ಕೆಲಸ.

ಕೊನೆಯದಾಗಿ, ಎಷ್ಟೇ ಚೆನ್ನಾಗಿ ಭಾಗ ಮಾಡಿದರೂ ಪಾರ್ಟಿಷನ್ ಬ್ಯಾಕಪ್ ಆಗುವುದಿಲ್ಲ. ತುಂಬುವುದರಿಂದ, ತಪ್ಪು ಅಪ್‌ಡೇಟ್‌ನಿಂದ, ಮರುಸ್ಥಾಪನೆಯಿಂದ ಅದು ಕಾಪಾಡೀತು. ಎಸ್‌ಎಸ್‌ಡಿಯೇ ಸತ್ತರೆ, ಲ್ಯಾಪ್‌ಟಾಪೇ ಕಳುವಾದರೆ, ಎಲ್ಲ ಭಾಗಗಳೂ ಒಟ್ಟಿಗೇ ಹೋಗುತ್ತವೆ. ಮಗುವಿನ ಮೊದಲ ಫೋಟೊ, ಅಪ್ಪನ ದನಿಯ ರೆಕಾರ್ಡಿಂಗ್, ಜಮೀನಿನ ಪತ್ರದ ಸ್ಕ್ಯಾನ್ ಇವೆಲ್ಲ ಕಳೆದರೆ ಮತ್ತೆ ಸಿಗುವಂಥವಲ್ಲ. ಆದ್ದರಿಂದ ಆ ಪರದೆಯ ಮುಂದೆ ಕೂರುವ ಮೊದಲೇ ಒಂದು ಹೊರಗಿನ ಡಿಸ್ಕಿಗೆ ನಿಮ್ಮದೆಲ್ಲವನ್ನೂ ನಕಲು ಮಾಡಿಕೊಳ್ಳಿ. ನಕಲು ಮಾಡಿದ ಕಡತಗಳಲ್ಲಿ ಕೆಲವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅವು ಸರಿಯಾಗಿ ತೆರೆದುಕೊಂಡರೆ ಮಾತ್ರ ಪಾರ್ಟಿಷನ್ ಮಾಡಲು ಕೈಹಾಕಿ.